ಬೀಗದ ಕೈ ಸಿಗಲು ಹನ್ನೊಂದು ತಿಂಗಳು: ಮಂಗಳೂರಿನಲ್ಲಿ ಒಂದು ಸಂಶೋಧನಾ ವಿಭಾಗ ಕಟ್ಟಿದ ಕಥೆ

ಕಳೆದ ತಿಂಗಳು ನನ್ನ ಮೊದಲ ಪಿಎಚ್‌ಡಿ ವಿದ್ಯಾರ್ಥಿನಿಯ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ ಮುಗಿಯಿತು. ಮರುದಿನವೇ ಹೊರದೇಶದಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡುತ್ತಿರುವ ಒಬ್ಬ ಹುಡುಗನ ಮೆಸೇಜ್ ಬಂತು. "ಅಕ್ಕಾ, ಊರಿಗೆ ಬರಬಹುದಾ? ಅಲ್ಲಿ ಲ್ಯಾಬ್ ಮಾಡ್ಲಿಕ್ಕೆ ಆಗ್ತದಾ?" ಇಂಥ ಪ್ರಶ್ನೆ ಈ ವರ್ಷ ಇದು ಮೂರನೆಯದು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಒಂದು ಗಂಟೆ ಮಾತಾಡಿ ಸುಸ್ತಾಗಿದೆ. ಹಾಗಾಗಿ ಬರೆದೇ ಬಿಡುತ್ತೇನೆ.

ನನ್ನದು ಕಾರ್ಕಳದ ಹತ್ತಿರದ ಹಳ್ಳಿ. ಬೆಂಗಳೂರಿನಲ್ಲಿ ಪಿಎಚ್‌ಡಿ, ಆಮೇಲೆ ಜರ್ಮನಿಯ ಕೀಲ್ ಎಂಬ ಬಂದರು ಊರಿನಲ್ಲಿ ಆರು ವರ್ಷ ಪೋಸ್ಟ್‌ಡಾಕ್. ಕೆಲಸ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾಗಳ ಮೇಲೆ. ಕಾಲರಾ ತರುವುದು ಈ ಕುಟುಂಬದ ಒಂದು ಸದಸ್ಯ. ಉಳಿದ ಕೆಲವು ಚಿಪ್ಪುಮೀನಿನಲ್ಲಿ ಕೂತಿರುತ್ತವೆ, ಸರಿಯಾಗಿ ಬೇಯಿಸದೆ ತಿಂದರೆ ಹೊಟ್ಟೆ ಕೆಡಿಸುತ್ತವೆ. ಬಾಲ್ಟಿಕ್ ಸಮುದ್ರದ ಚಳಿಯಲ್ಲಿ ನಿಂತು ಚಿಪ್ಪು ಹೆಕ್ಕುವಾಗ ನನಗೆ ನಮ್ಮ ಅಳಿವೆಯ ಚಿಪ್ಪುಮೀನು, ಮರುವಾಯಿಯೇ ನೆನಪಾಗುತ್ತಿತ್ತು. ಇಲ್ಲಿ ಜನ ದಿನಾ ತಿನ್ನುವ ಮರುವಾಯಿಯಲ್ಲಿ ಏನಿದೆ ಎಂದು ವರ್ಷಪೂರ್ತಿ ಕೂತು ನೋಡಬೇಕು ಅನ್ನುವ ಆಸೆ ಅಲ್ಲೇ ಹುಟ್ಟಿದ್ದು.

2018ರ ಕೊನೆಗೆ ಮುಂದೆ ಮೂರು ದಾರಿ ಇದ್ದವು. ಒಂದು, ಅಲ್ಲೇ ಒಂದು ಆಹಾರ ಪರೀಕ್ಷೆಯ ಕಂಪನಿಯಲ್ಲಿ ಕೆಲಸ. ಸಂಬಳ ಚೆನ್ನಾಗಿತ್ತು. ಎರಡು, ರಾಮಾನುಜನ್ ಅಥವಾ ರಾಮಲಿಂಗಸ್ವಾಮಿ ಫೆಲೋಶಿಪ್ ಹಿಡಿದು ದೊಡ್ಡ ಸಂಸ್ಥೆಯೊಂದಕ್ಕೆ ಬರುವುದು. ಇವೆರಡೂ ಹೊರದೇಶದಲ್ಲಿರುವವರನ್ನು ವಾಪಸು ತರಲೆಂದೇ ಇರುವ ಯೋಜನೆಗಳು, ಐದು ವರ್ಷದ್ದು. ರಾಮಾನುಜನ್‌ಗೆ ನಲವತ್ತರ ಒಳಗಿರಬೇಕು. ಮೂರು, ಮಂಗಳೂರಿನ ಹೊರವಲಯದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ. ಹೆಸರು ಬೇಡ, ಇನ್ನೂ ಅಲ್ಲೇ ಇದ್ದೇನೆ. "ಹೊಸದಾಗಿ ಸಂಶೋಧನಾ ವಿಭಾಗ ಶುರು ಮಾಡ್ತಿದ್ದೇವೆ, ನೀವೇ ಕಟ್ಟಬೇಕು" ಎಂದರು.

ಫೆಲೋಶಿಪ್ ಬಿಟ್ಟಿದ್ದಕ್ಕೆ ಕಾರಣ ಸರಳ. ಐದು ವರ್ಷದ ನಂತರ ಏನು ಎಂಬ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಲಿಲ್ಲ. ಅದು ತಪ್ಪು ಲೆಕ್ಕ ಇರಬಹುದು. ನನ್ನ ಜೊತೆಯವರಲ್ಲಿ ಫೆಲೋಶಿಪ್ ಹಿಡಿದು ಬಂದ ಇಬ್ಬರು ಮೊದಲ ವರ್ಷವೇ ಪೇಪರ್ ಪ್ರಕಟಿಸಿದರು. ನಾನು ಮೊದಲ ವರ್ಷ ಪ್ಲಗ್ ಪಾಯಿಂಟ್ ಎಣಿಸುತ್ತಿದ್ದೆ.

ಅಪ್ಪನಿಗೆ ಮಾತ್ರ ಸಂಶಯವೇ ಇರಲಿಲ್ಲ. ಅವರಿಗೆ ಯು.ಆರ್. ರಾವ್ ಎಂದರೆ ದೇವರು. ಅದಮಾರಿನಲ್ಲಿ ಹುಟ್ಟಿ ಉಡುಪಿಯಲ್ಲಿ ಓದಿದ ಹುಡುಗ ಅಮೆರಿಕದಲ್ಲಿದ್ದವನು 1966ರಲ್ಲಿ ವಾಪಸು ಬಂದ, ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಕೂತು ಆರ್ಯಭಟ ಉಪಗ್ರಹ ಕಟ್ಟಿಸಿದ, 1975ರಲ್ಲಿ ಅದು ಮೇಲೆ ಹೋಯಿತು. ಇದನ್ನು ನಾನು ಚಿಕ್ಕಂದಿನಿಂದ ನೂರು ಸಲ ಕೇಳಿದ್ದೆ. "ಅವರಿಗೆ ಶೆಡ್ಡಾದರೂ ಇತ್ತು ಅಪ್ಪ" ಎಂದು ಆಮೇಲೆ ಒಮ್ಮೆ ಹೇಳಿದ್ದುಂಟು. ಅಮ್ಮನದು ಬೇರೆಯೇ ಧಾಟಿ. "ಅಲ್ಲಿ ಅಷ್ಟೆಲ್ಲ ಇರುವಾಗ ಇಲ್ಲಿಗೆ ಎಂತಕ್ಕೆ ಬರುದು ಮಾರಾಯ್ತಿ?"

ಇಲ್ಲಿ ಒಂದು ಮಾತು, ಇದೇ ಮುಖ್ಯ. ಇಂಟರ್‌ವ್ಯೂನಲ್ಲಿ ನನಗೆ ಏನೇನು ಕೊಡುತ್ತೇವೆ ಎಂದರೋ ಅದೆಲ್ಲ ಬಾಯಿಮಾತಿನಲ್ಲಿತ್ತು. ಲ್ಯಾಬಿಗೆ ಜಾಗ, ಆರಂಭದ ಹಣ, ಒಬ್ಬ ಟೆಕ್ನಿಷಿಯನ್, ವಾರಕ್ಕೆ ಎಂಟು ಗಂಟೆ ಮಾತ್ರ ಪಾಠ. ಆಫರ್ ಲೆಟರಿನಲ್ಲಿ ಇದ್ದದ್ದು ಸಂಬಳ ಮತ್ತು ಸೇರುವ ತಾರೀಕು. ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ಸುಮ್ಮನಾದೆ. ಅಂದುಕೊಳ್ಳಲಿ, ನೀವು ಕೇಳಿ. ಎಷ್ಟು ಚದರ ಅಡಿ, ಯಾವ ಕಟ್ಟಡ, ಯಾವ ತಿಂಗಳೊಳಗೆ, ಎಷ್ಟು ಲಕ್ಷ, ಎಷ್ಟು ಗಂಟೆ ಪಾಠ ಎಂದು ಒಂದು ಇಮೇಲಿನಲ್ಲಾದರೂ ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ, ಮುಂದಿನ ಮುಕ್ಕಾಲು ಪಾಲು ಕಷ್ಟಕ್ಕೆ ಅದೇ ಮೂಲ.

ಇನ್ನೊಂದು ಕಾಗದದ ಪಾಠ. ಕೀಲ್‌ನಲ್ಲಿ ಮೊದಲ ಎರಡು ವರ್ಷ ನನಗೆ ಬರುತ್ತಿದ್ದದ್ದು ಸ್ಕಾಲರ್‌ಶಿಪ್, ಸಂಬಳವಲ್ಲ. ಇಲ್ಲಿ ಸೇವಾ ಅನುಭವ ಲೆಕ್ಕ ಹಾಕುವಾಗ ಆ ಎರಡು ವರ್ಷ ಸೊನ್ನೆಯಾಯಿತು. ಉಳಿದ ನಾಲ್ಕಕ್ಕೂ ಹುದ್ದೆಯ ಹೆಸರು, ಸಂಬಳ, ಕೆಲಸದ ಸ್ವರೂಪ, ಶುರುವಾದ ಮತ್ತು ಮುಗಿದ ದಿನ ಇರುವ ಪತ್ರ ಕೇಳಿದರು. ನನ್ನ ಹತ್ತಿರ ಇದ್ದದ್ದು ಜರ್ಮನ್ ಭಾಷೆಯದ್ದು. ಅನುವಾದ ಮಾಡಿಸಿ, ಅಲ್ಲಿನ ಆಫೀಸಿಗೆ ಬರೆದು ತರಿಸಲು ನಾಲ್ಕು ತಿಂಗಳು. ಅಲ್ಲಿಂದ ಹೊರಡುವ ಮೊದಲೇ ಇಂಗ್ಲಿಷಿನಲ್ಲಿ ಮೂರು ಪ್ರತಿ, ಸೀಲು ಸಹಿ ಸಮೇತ ತಂದುಕೊಳ್ಳಿ.

2019ರ ಜೂನ್‌ನಲ್ಲಿ ಸೇರಿದೆ. ಧಾರಾಕಾರ ಮಳೆ. ಲ್ಯಾಬ್ ಎಂದು ತೋರಿಸಿದ ಕೋಣೆಗೆ ಬೀಗ. ಕಿಟಕಿಯಿಂದ ಇಣುಕಿದರೆ ಒಳಗೆ ಮುರಿದ ಬೆಂಚು, ಹಳೆಯ ಉತ್ತರ ಪತ್ರಿಕೆಗಳ ಕಟ್ಟು, ಒಂದು ಕಡೆ ಗೋಡೆ ಪೂರ್ತಿ ಪಾಚಿ. ಬೀಗದ ಕೈ ಪರೀಕ್ಷಾ ವಿಭಾಗದವರ ಹತ್ತಿರ. ಅವರು ಎಸ್ಟೇಟ್ ಆಫೀಸಿನ ಪತ್ರ ಬೇಕು ಎಂದರು. ಎಸ್ಟೇಟ್ ಆಫೀಸಿನವರು, ಉತ್ತರ ಪತ್ರಿಕೆ ವಿಲೇವಾರಿಗೆ ಕಮಿಟಿ ಒಪ್ಪಬೇಕು ಎಂದರು. ಕಮಿಟಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ. ಒಮ್ಮೆ ಸೇರಿತು, ವಿಷಯ ಪಟ್ಟಿಯಲ್ಲಿ ನಮ್ಮದು ಇರಲಿಲ್ಲ. ಅಷ್ಟರಲ್ಲಿ ವಾರಕ್ಕೆ ಎಂಟು ಗಂಟೆ ಎಂದಿದ್ದ ಪಾಠ ಹದಿನಾರಾಗಿತ್ತು. ನನಗೆ ಪಾಠ ಮಾಡುವುದು ಇಷ್ಟವೇ. ಆದರೆ ಸಂಜೆ ನಾಲ್ಕಕ್ಕೆ ಸ್ಟಾಫ್ ರೂಮಿನಲ್ಲಿ ಕೂತಾಗ ಕೈಗೆ ಏನೂ ಕೆಲಸವಿಲ್ಲದೆ ಒಂಥರಾ ಆಗುತ್ತಿತ್ತು. ಹತ್ತು ವರ್ಷ ಪಿಪೆಟ್ ಹಿಡಿದ ಕೈ ಅದು.

ಮಾರ್ಚ್ 2020ರಲ್ಲಿ ಲಾಕ್‌ಡೌನ್ ಬಂತು. ಬೀಗ ತೆರೆದದ್ದು ಮೇನಲ್ಲಿ. ತಮಾಷೆ ಎಂದರೆ, ಆಗ ಕ್ಯಾಂಪಸ್ಸಿನಲ್ಲಿ ಯಾರೂ ಇಲ್ಲದ್ದರಿಂದ ಕಮಿಟಿ ಆನ್‌ಲೈನ್‌ನಲ್ಲಿ ಇಪ್ಪತ್ತು ನಿಮಿಷದಲ್ಲಿ ಒಪ್ಪಿಗೆ ಕೊಟ್ಟಿತು. ಸೇರಿದ ದಿನದಿಂದ ಎಣಿಸಿದರೆ ಹನ್ನೊಂದು ತಿಂಗಳು.

ಕೋಣೆ ಸಿಕ್ಕಿದ ಮೇಲೆ ಕರೆಂಟು. ಇದನ್ನು ಯಾವ ಪೋಸ್ಟ್‌ಡಾಕೂ ಯೋಚಿಸಿರುವುದಿಲ್ಲ, ಯಾಕೆಂದರೆ ಅಲ್ಲಿ ಗೋಡೆಗೆ ಚುಚ್ಚಿದರೆ ಬರುತ್ತದೆ. ಮೈನಸ್ ಎಂಬತ್ತು ಡಿಗ್ರಿ ಫ್ರೀಜರಿಗೆ ಬೇರೆಯೇ ಲೈನ್, ಸ್ಟೆಬಿಲೈಜರ್ ಬೇಕು. ಹಬೆಯಲ್ಲಿ ಸಾಮಾನು ಕ್ರಿಮಿಶುದ್ಧ ಮಾಡುವ ದೊಡ್ಡ ಆಟೋಕ್ಲೇವ್‌ಗೆ ತ್ರೀ ಫೇಸ್ ಬೇಕು. ಅರ್ತಿಂಗ್ ಸರಿ ಇರಬೇಕು. ಏಪ್ರಿಲ್ ಮೇ ತಿಂಗಳ ಮತ್ತು ಅಕ್ಟೋಬರಿನ ಗುಡುಗು ಸಿಡಿಲು ನಮ್ಮ ಕರಾವಳಿಯವರಿಗೆ ಗೊತ್ತಲ್ವಾ, ಒಂದೇ ಸಿಡಿಲಿಗೆ ಮದರ್ ಬೋರ್ಡ್ ಹೋಗುತ್ತದೆ. ವೈರಿಂಗಿಗೆ 1 ಲಕ್ಷ 80 ಸಾವಿರ ಖರ್ಚಾಯಿತು. ಯಾವ ಗ್ರಾಂಟಿನಲ್ಲೂ (ಸಂಶೋಧನೆಗೆ ಸಿಗುವ ಧನಸಹಾಯ) ಇದಕ್ಕೆ ಖರ್ಚಿನ ಬಾಬತ್ತು ಇರುವುದಿಲ್ಲ. ಸಂಸ್ಥೆಯಿಂದ ಪಡೆಯಲು ಆರು ಪತ್ರ ಬರೆದೆ. ಇಲೆಕ್ಟ್ರಿಷಿಯನ್ ಒಬ್ಬರು ಮಾತ್ರ ನನ್ನ ಪಕ್ಷ. "ಮೇಡಂ, ನಿಮ್ಮ ಫ್ರಿಜ್ಜಿಗೆ ನಮ್ಮ ಮನೆಗಿಂತ ಜಾಸ್ತಿ ಲೋಡ್ ಉಂಟು" ಎಂದು ನಗುತ್ತಾ ರಾತ್ರಿ ಎಂಟರವರೆಗೆ ನಿಂತು ಮಾಡಿಕೊಟ್ಟರು.

ಮಳೆಗಾಲದ ತೇವದ ಬಗ್ಗೆಯೂ ಹೇಳಬೇಕು. ಮೊದಲ ಜುಲೈಯಲ್ಲಿ ಮೈಕ್ರೋಸ್ಕೋಪಿನ ಲೆನ್ಸಿನ ಮೇಲೆ ಜೇಡರ ಬಲೆಯಂಥ ಎಳೆಗಳು. ಬೂಸ್ಟು! ಒಂದು ಲೆನ್ಸ್ ಬದಲಿಸಬೇಕಾಯಿತು. ಆಮೇಲೆ ನಮ್ಮ ಹಳೆಯ ಪ್ರಾಣಿಶಾಸ್ತ್ರ ಮೇಷ್ಟ್ರೊಬ್ಬರು ಉಪಾಯ ಹೇಳಿಕೊಟ್ಟರು. ಮರದ ಪೆಟ್ಟಿಗೆ, ಒಳಗೆ ಒಂದು 40 ವ್ಯಾಟ್ ಬಲ್ಬು, ಜೊತೆಗೆ ಸಿಲಿಕಾ ಜೆಲ್. ಖರ್ಚು ಆರುನೂರು ರೂಪಾಯಿ. ಕಂಪನಿಯ ಸರ್ವಿಸ್ ಎಂಜಿನಿಯರು ಹೇಳಿದ ಡ್ರೈ ಕ್ಯಾಬಿನೆಟ್ಟಿನ ಬೆಲೆ ಬರೆಯುವುದಿಲ್ಲ.

ಇನ್ನು ಹಣ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಆಗ ಸಂಶೋಧನೆಗೆ ಹಣ ಕೊಡುವ ಕೇಂದ್ರದ ಮಂಡಳಿ ಎಸ್‌ಇಆರ್‌ಬಿಯ ಸ್ಟಾರ್ಟಪ್ ರಿಸರ್ಚ್ ಗ್ರಾಂಟ್ ಇತ್ತು. ಎರಡು ವರ್ಷಕ್ಕೆ 30 ಲಕ್ಷ, ಸಂಸ್ಥೆಯ ಖರ್ಚಿಗೆ ಕೊಡುವ ಓವರ್‌ಹೆಡ್ ಬೇರೆ. ಕೆಲಸಕ್ಕೆ ಸೇರಿದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಈಗ ಎಸ್‌ಇಆರ್‌ಬಿಯೇ ಇಲ್ಲ, 2023ರ ಕಾಯ್ದೆಯಿಂದ ಬಂದ ಎಎನ್‌ಆರ್‌ಎಫ್ (ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ) ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಯೋಜನೆಗಳ ಹೆಸರೂ ಬದಲಾಗಿವೆ, ಹಾಗಾಗಿ ನನ್ನ ಕಾಲದ ನಿಯಮ ನಂಬಿ ಕೂರಬೇಡಿ. ಆದರೆ ಒಂದು ಬದಲಾಗಿಲ್ಲ. ಸಂಸ್ಥೆಯ ಮುಖ್ಯಸ್ಥರ ಎಂಡೋರ್ಸ್‌ಮೆಂಟ್ ಪತ್ರ ಬೇಕು, ಅವರು ಕೊನೆಯ ದಿನ ಊರಿನಲ್ಲಿ ಇರುವುದಿಲ್ಲ. ನನ್ನ ಪತ್ರಕ್ಕೆ ಸಹಿ ಬಿದ್ದದ್ದು ಬಜ್ಪೆ ವಿಮಾನ ನಿಲ್ದಾಣದ ಹೊರಗೆ, ಕಾರಿನ ಬಾನೆಟ್ ಮೇಲೆ.

ಮೊದಲ ಅರ್ಜಿ ತಿರಸ್ಕೃತ. ವಿಮರ್ಶಕರ ಮಾತು ನೇರವಾಗಿತ್ತು, ಈ ಕೆಲಸ ಮಾಡಲು ಬೇಕಾದ ಸೌಲಭ್ಯ ಸಂಸ್ಥೆಯಲ್ಲಿ ಕಾಣುವುದಿಲ್ಲ. ಸೌಲಭ್ಯ ಮಾಡಲು ಹಣ ಬೇಕು, ಹಣ ಸಿಗಲು ಸೌಲಭ್ಯ ಬೇಕು. ಅವತ್ತು ಪಣಂಬೂರು ಬೀಚಿಗೆ ಹೋಗಿ ಒಬ್ಬಳೇ ಕೂತು ಚೆನ್ನಾಗಿ ಅತ್ತೆ. ಎರಡನೇ ಸಲ ಅರ್ಜಿ ಹಾಕುವಾಗ ಒಂದು ಕೆಲಸ ಮಾಡಿದೆ. ಹತ್ತಿರದ ವೈದ್ಯಕೀಯ ಕಾಲೇಜೊಂದರ ಲ್ಯಾಬಿನವರ ಹತ್ತಿರ ಹೋಗಿ, ಅವರ ಪಿಸಿಆರ್ ಯಂತ್ರ ಮತ್ತು ಡೀಪ್ ಫ್ರೀಜರ್ ಬಳಸಲು ಬರವಣಿಗೆಯಲ್ಲಿ ಒಪ್ಪಿಗೆ ಪಡೆದು ಲಗತ್ತಿಸಿದೆ. ಮಂಗಳೂರಿನ ಅನುಕೂಲ ಇದು. ಕೊಣಾಜೆ, ದೇರಳಕಟ್ಟೆ, ಸುರತ್ಕಲ್, ಕಂಕನಾಡಿ, ಅತ್ತ ಮಣಿಪಾಲ, ಎಲ್ಲ ಒಂದೂವರೆ ಗಂಟೆಯ ಬಸ್ಸಿನ ದೂರ. 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ಇಲ್ಲೇ ಇದೆ. ಕೇಳಲು ನಾಚಿಕೆ ಬಿಡಬೇಕು, ಅಷ್ಟೇ. ಎರಡನೇ ಅರ್ಜಿ ಮಂಜೂರಾಯಿತು.

ಸ್ಯಾಂಕ್ಷನ್ ಲೆಟರ್ ಬಂದ ದಿನ ಸಿಹಿ ಹಂಚಿದೆವು. ಹಣ ಖಾತೆಗೆ ಬಂದದ್ದು ಮೂರು ತಿಂಗಳ ಮೇಲೆ. ಆಮೇಲೆ ಪರ್ಚೇಸ್ ಕಮಿಟಿ, ಮೂರು ಕೊಟೇಶನ್, ತುಲನಾ ಪಟ್ಟಿ. ಮೊದಲ ಯಂತ್ರ ಬೆಂಗಳೂರಿನಿಂದ ಹೊರಟಿತು, ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಲಾರಿ ಸಕಲೇಶಪುರದಲ್ಲಿ ನಾಲ್ಕು ದಿನ ನಿಂತಿತು. ಸೂಕ್ಷ್ಮ ಯಂತ್ರಗಳನ್ನು ಜೂನ್ ಒಳಗೆ ಇಲ್ಲವೇ ಅಕ್ಟೋಬರ್ ಮೇಲೆ ತರಿಸಿ.

ಅತಿ ದುಬಾರಿ ಪಾಠ 2022ರದ್ದು. ಸಂಸ್ಥೆಯ ಸೀಡ್ ಮನಿಯಲ್ಲಿ (ಸಂಶೋಧನೆ ಶುರುಮಾಡಲು ಕೊಡುವ ಹಣ) 18 ಲಕ್ಷದ ಒಂದು ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿಗೆ ಕೊಟೇಶನ್ ತೆಗೆದಿದ್ದೆ. ಸಂಶೋಧನೆಗೆ ಕೊಳ್ಳುವ ಯಂತ್ರಗಳಿಗೆ ಆಗ ಜಿಎಸ್‌ಟಿ 5 ಶೇಕಡ ಮಾತ್ರ. ಫೈಲು ಒಂದು ಮೇಜಿನ ಮೇಲೆ ಐದು ವಾರ ಮಲಗಿತ್ತು, ಯಾರದ್ದೋ ಮಗಳ ಮದುವೆ. ಜುಲೈ 18ರಿಂದ ಆ ರಿಯಾಯಿತಿ ರದ್ದಾಗಿ 18 ಶೇಕಡ ಆಯಿತು. ಒಂದೇ ಏಟಿಗೆ 2 ಲಕ್ಷ 34 ಸಾವಿರ ಜಾಸ್ತಿ. ಎರಡು ಆಬ್ಜೆಕ್ಟಿವ್ ಲೆನ್ಸ್ ಬಿಟ್ಟು ಆರ್ಡರ್ ಮಾಡಿದೆವು. ಆ ಎರಡು ಇನ್ನೂ ಬಂದಿಲ್ಲ. ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿರುವ ಗೆಳತಿಯ ಗೋಳು ಬೇರೆ, ಎಲ್ಲವನ್ನೂ ಸರ್ಕಾರದ ಆನ್‌ಲೈನ್ ಖರೀದಿ ತಾಣವಾದ ಜೆಮ್ ಪೋರ್ಟಲಿನಲ್ಲೇ ಕೊಳ್ಳಬೇಕಿತ್ತು. 2025ರ ಜೂನ್‌ನಲ್ಲಿ ಅದನ್ನು ಸಡಿಲಿಸಿದ ದಿನ ಅವಳು ನನಗೆ ಫೋನ್ ಮಾಡಿ ಹಬ್ಬದಂತೆ ಮಾತಾಡಿದಳು.

ಯುಸಿ ಬಗ್ಗೆ ಚಿಕ್ಕದಾಗಿ. ಯುಟಿಲೈಜೇಷನ್ ಸರ್ಟಿಫಿಕೇಟು, ಖರ್ಚಿನ ಪಟ್ಟಿ, ಇವು ಹೋಗದೆ ಮುಂದಿನ ಕಂತು ಬರುವುದಿಲ್ಲ. ಮಾರ್ಚ್ 31ಕ್ಕೆ ಲೆಕ್ಕ ಮುಚ್ಚುತ್ತದೆ. ಪ್ರತಿ ಬಿಲ್ಲನ್ನೂ ಅವತ್ತೇ ಫೋಟೊ ತೆಗೆದಿಡಿ, ಥರ್ಮಲ್ ಕಾಗದದ ಬಿಲ್ಲು ಮಂಗಳೂರಿನ ಸೆಕೆಗೆ ಎರಡು ತಿಂಗಳಲ್ಲಿ ಬಿಳಿಯಾಗುತ್ತದೆ. ನಡುವೆ ಹಣ ಕಳಿಸುವ ಪದ್ಧತಿಯೇ ಬದಲಾಗಿ ಹೊಸ ಝೀರೋ ಬ್ಯಾಲೆನ್ಸ್ ಖಾತೆ ತೆರೆಯಬೇಕಾಯಿತು. ಆ ಗೊಂದಲದಲ್ಲಿ ನನ್ನ ಪ್ರಾಜೆಕ್ಟಿನ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಹುಡುಗಿಗೆ ಐದು ತಿಂಗಳು ಫೆಲೋಶಿಪ್ ಬರಲಿಲ್ಲ. ಆಗ ತಿಂಗಳಿಗೆ 31 ಸಾವಿರ, ಜೊತೆಗೆ ಮನೆ ಬಾಡಿಗೆ ಭತ್ಯೆ. ಅವಳ ಮನೆ ಅದರಲ್ಲೇ ನಡೆಯುತ್ತಿತ್ತು. ಮೂರು ತಿಂಗಳು ನನ್ನ ಸಂಬಳದಿಂದ ಕೊಟ್ಟೆ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ, ಹೊಸದಾಗಿ ಬರುವವರು ಕೈಯಲ್ಲಿ ಒಂದಿಷ್ಟು ಉಳಿತಾಯ ಇಟ್ಟುಕೊಂಡು ಬರಲಿ ಎಂದು.

ಆ ಹುಡುಗಿಯ ಬಗ್ಗೆ ಹೇಳಲೇಬೇಕು. ಅಳಿವೆಯ ಪಕ್ಕದ ಬೆಂಗ್ರೆಯ ಕಡೆಯವಳು. ಅಪ್ಪ ಬೋಟಿಗೆ ಹೋಗುವವರು. ಸಂದರ್ಶನದಲ್ಲಿ ವಿಬ್ರಿಯೊ ಬಗ್ಗೆ ಕೇಳಿದ್ದಕ್ಕೆ ಸಾಧಾರಣ ಉತ್ತರ ಕೊಟ್ಟಳು. ಅಳಿವೆಬಾಗಿಲಿನಲ್ಲಿ ಸ್ಯಾಂಪಲ್ ಯಾವಾಗ ತೆಗೆಯುತ್ತೀರಿ ಎಂದು ಅವಳೇ ನನ್ನನ್ನು ಕೇಳಿದಳು. "ಬೆಳಿಗ್ಗೆ ಹತ್ತಕ್ಕೆ" ಎಂದೆ. "ಹಾಗೆ ಗಡಿಯಾರ ನೋಡಿ ಆಗುದಿಲ್ಲ ಮೇಡಂ, ಹುಣ್ಣಿಮೆ ಅಮಾಸೆ ನೋಡ್ಬೇಕು, ನೀರು ಇಳಿದಾಗ ಹೋಗ್ಬೇಕು" ಎಂದಳು. ಅಲ್ಲೇ ಆಯ್ಕೆ ಮಾಡಿದೆ. ಅಳಿವೆಬಾಗಿಲು ಎಂದರೆ ನೇತ್ರಾವತಿ ಮತ್ತು ಗುರುಪುರ ನದಿ ಸೇರಿ ಸಮುದ್ರಕ್ಕೆ ಬೀಳುವ ಜಾಗ. ಬೇಸಿಗೆಯಲ್ಲಿ ಅಲ್ಲಿನ ನೀರು ಸಮುದ್ರದಷ್ಟೇ ಉಪ್ಪು, ಜುಲೈಯಲ್ಲಿ ಹೆಚ್ಚುಕಮ್ಮಿ ಸಿಹಿ. ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಅದರ ಜೊತೆ ಏರಿಳಿಯುತ್ತದೆ. ಅವಳ ಅಜ್ಜಿಯ ಜೊತೆ ಸೊಂಟದ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕಲು ನಾನೂ ಕಲಿತೆ. ಸಂಜೆ ಲ್ಯಾಬಿಗೆ ತಂದು ಅಗರ್ ತಟ್ಟೆಯಲ್ಲಿ ಬೆಳೆಸಿದರೆ ಮರುದಿನ ಹಳದಿ ಹಸಿರು ಚುಕ್ಕೆಗಳು. ಆ ಕೋಣೆಯಲ್ಲಿ ಮೊದಲ ತಟ್ಟೆ ನೋಡಿದ ಬೆಳಿಗ್ಗೆ ನನಗೆ ಕೀಲ್‌ನ ನೆನಪೇ ಆಗಲಿಲ್ಲ. ಅದು ಸಂಜೆ ಗೊತ್ತಾಯಿತು.

ಗೈಡ್‌ಶಿಪ್‌ಗೂ ಕಾಯಬೇಕಾಯಿತು. ಪಿಎಚ್‌ಡಿ ಮತ್ತು ಪೇಪರುಗಳಿದ್ದರೆ ಯುಜಿಸಿ ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಮಂದಿಗೆ ಮಾರ್ಗದರ್ಶನ ಮಾಡಬಹುದು. ಆದರೆ ನಮ್ಮಲ್ಲಿ ಪ್ರೊಬೇಷನ್ ಮುಗಿಯಬೇಕು ಎಂಬ ಒಳನಿಯಮ. ಹೀಗಾಗಿ ಅವಳ ನೋಂದಣಿ 2021ಕ್ಕೆ ಹೋಯಿತು. ಜೀನ್ ಕ್ಲೋನಿಂಗ್ ಮಾಡಲು ಸಂಸ್ಥೆಯಲ್ಲಿ ಬಯೋಸೇಫ್ಟಿ ಕಮಿಟಿ ಇರಬೇಕು, ಅದರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಪ್ರತಿನಿಧಿ ಒಬ್ಬರು ಇರಬೇಕು. ನಮ್ಮಲ್ಲಿ ಕಮಿಟಿಯೇ ಇರಲಿಲ್ಲ. ರಚಿಸಿ ನೋಂದಾಯಿಸಲು ಎಂಟು ತಿಂಗಳು ಹಿಡಿಯಿತು. ಸೇರಿದ ವಾರವೇ ಇದನ್ನು ಶುರು ಮಾಡಿಸಿ, ಕೋಣೆಗೆ ಕಾಯಬೇಡಿ. ಕಾಗದಕ್ಕೆ ಕೋಣೆ ಬೇಕಾಗಿಲ್ಲ.

2023ರ ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ದೊಡ್ಡ ಸಿಡಿಲು ಹೊಡೆಯಿತು. ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಬಂದರೆ ಫ್ರೀಜರಿನ ಪರದೆ ಕಪ್ಪು, ಒಳಗೆ ನೀರು. ಎರಡು ವರ್ಷದ ಸ್ಟ್ರೇನುಗಳು, ಅಂದರೆ ಬ್ಯಾಕ್ಟೀರಿಯಾ ತಳಿಗಳು ಅದರಲ್ಲಿ. ಇಲ್ಲಿ ಡ್ರೈ ಐಸ್ ಕೂಡಲೇ ಸಿಗುವುದಿಲ್ಲ. ಅವಳು ಅಪ್ಪನಿಗೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ದಕ್ಕೆಯಿಂದ (ಮೀನುಗಾರಿಕಾ ಬಂದರು) ಮೀನಿನ ಥರ್ಮೋಕೋಲ್ ಪೆಟ್ಟಿಗೆ, ಪುಡಿ ಐಸು ಬಂತು. ಬಂಗುಡೆ ವಾಸನೆಯ ಪೆಟ್ಟಿಗೆಯಲ್ಲಿ ನಮ್ಮ ವಯಲ್‌ಗಳನ್ನು ಜೋಡಿಸಿ ಆಟೋ ಹತ್ತಿ ವೈದ್ಯಕೀಯ ಕಾಲೇಜಿನ ಫ್ರೀಜರಿಗೆ ಸೇರಿಸಿದೆವು. ನಲವತ್ತೊಂದು ಸ್ಟ್ರೇನು ಮತ್ತೆ ಬೆಳೆಯಲಿಲ್ಲ. ಅವಳು ಒಂದು ವಾರ ಮಾತಾಡಲಿಲ್ಲ, ನಾನೂ ಮಾತಾಡಿಸಲಿಲ್ಲ. ಪ್ರತಿ ಸ್ಟ್ರೇನಿನ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿ ಇರಲಿ. ಮುಖ್ಯವಾದವನ್ನು ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹಕ್ಕೆ ಕೊಡಿ. ನಾವು ಈಗ ಹಾಗೆ ಮಾಡುತ್ತೇವೆ.

ಆ ವಾರ ಕೀಲ್‌ನ ಹಳೆಯ ಬಾಸ್‌ಗೆ ಇಮೇಲ್ ಬರೆದೆ, ಅಲ್ಲೇನಾದರೂ ಜಾಗ ಇದೆಯಾ ಎಂದು. ಡ್ರಾಫ್ಟಿನಲ್ಲಿ ಇಟ್ಟೆ. ಇನ್ನೂ ಡ್ರಾಫ್ಟಿನಲ್ಲೇ ಇದೆ, ಅಳಿಸಿಲ್ಲ.

ಈಗ ವಿಭಾಗದಲ್ಲಿ ನಾವು ಮೂವರು ಅಧ್ಯಾಪಕರು, ಏಳು ಮಂದಿ ಪಿಎಚ್‌ಡಿ ವಿದ್ಯಾರ್ಥಿಗಳು. ಹೊಸಬರಿಬ್ಬರನ್ನು ತೆಗೆದುಕೊಳ್ಳುವಾಗ ಅವರ ಜಾಗ, ಹಣ, ಪಾಠದ ಗಂಟೆಯನ್ನು ಆಫರ್ ಲೆಟರಿನ ಜೊತೆಗೇ ಬರೆಸಿಕೊಟ್ಟೆ. ರಿಜಿಸ್ಟ್ರಾರ್ ಆಫೀಸಿನವರಿಗೆ ಅದು ಅಷ್ಟು ಇಷ್ಟವಾಗಲಿಲ್ಲ.

ವೈವಾ ದಿನ ಬೆಂಗ್ರೆಯಿಂದ ಇಡೀ ಮನೆ ಬಂದಿತ್ತು. ಅಜ್ಜಿ ಮುಂದಿನ ಸಾಲಿನಲ್ಲಿ. ಇಂಗ್ಲಿಷಿನಲ್ಲಿ ಎರಡು ಗಂಟೆ ನಡೆದ ಪ್ರಶ್ನೋತ್ತರವನ್ನು ಅಲುಗಾಡದೆ ಕೇಳಿದರು. ಊಟಕ್ಕೆ ಅವರೇ ನೀರುದೋಸೆ, ಮರುವಾಯಿ ಸುಕ್ಕ ಮಾಡಿ ತಂದಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ತಟ್ಟೆ ಕೈಯಲ್ಲಿ ಹಿಡಿದು ಸ್ವಲ್ಪ ತಡೆದರು. ನಲವತ್ತು ನಿಮಿಷ ಮೊದಲು ಅದೇ ಮರುವಾಯಿಯ ವಿಬ್ರಿಯೊ ಗ್ರಾಫುಗಳನ್ನು ನೋಡಿದ್ದರಲ್ಲ.

"ನಾಲ್ಕನೇ ಅಧ್ಯಾಯದಲ್ಲಿ ಉಂಟು ಸರ್" ಎಂದಳು ಅವಳು. "ಚೆನ್ನಾಗಿ ಬೇಯಿಸಿದ್ರೆ ಸಾಯ್ತದೆ."

ಪರೀಕ್ಷಕರು ಎರಡು ಸಲ ಹಾಕಿಸಿಕೊಂಡರು.